ಕಾಕು ಎತ್ತಿಕೊಳ್ಳದ ಕೂಸು

ಮೊನ್ನೆ ಅಣ್ಣಿಗೇರಿಯ ತವರುಮನೆಗೆ ಹೋದಾಗ ತಮ್ಮನ ಕೂಸಿಗೆ ನೀರು ಎರೆಯಲು ಅವ್ವ ಔಡಲ ಎಣ್ಣೆ ಬಿಸಿ ಮಾಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂ ಮನೆಯ ಕಾಕು ನೆನಪಾದಳು…

ನಮ್ಮ ಓಣಿಯ ಕೂಸುಗಳೆಲ್ಲ ಅವಳ ಕಾಲ ಮೇಲೆ ಮಲಗಿ ಎರೆಸಿಕೊಂಡವೇ. ನಾನೂ, ತಮ್ಮನೂ. ಸೂತಕವೆಂದು ಉಳಿದ ಹೆಂಗಸರು ಬಾಣಂತಿಯ ಹತ್ತಿರ ಸುಳಿಯದಿದ್ದರೆ, ಕಾಕು ಹೆತ್ತ ದಿನವೇ ಸೆರಗು ಸಿಕ್ಕಿಸಿ ಒಳಗೆ ನುಗ್ಗುವಳು. "ಕೊರಳಾಗ ಲಿಂಗ ಐತಿ, ನಮಗೆಲ್ಲಿ ಸೂತಕ ಬೇ?" ಎಂದು ನಗುತ್ತಿದ್ದಳು.

ನಾನು ಚೊಚ್ಚಲ ಹೆರಿಗೆಗೆ ಬಂದಾಗ ಅವಳು ಅರ್ಧ ಆಗಿದ್ದಳು. ಮುಖ ಇದ್ದಕ್ಕಿದ್ದಂತೆ ಕೆಂಪೇರುವುದು, ಹೊಟ್ಟೆ ಕೆಡುವುದು. ಕರುಳಿನಲ್ಲಿ ಗಡ್ಡೆ ಇದೆ ಎಂಬ ಅನುಮಾನ ಡಾಕ್ಟರಿಗೆ ಬಂದಿತ್ತು, ಎಲ್ಲಿದೆ ಎಂಬುದು ಯಾವ ಸ್ಕ್ಯಾನಿಗೂ ಸಿಕ್ಕಿರಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ವಿಕಿರಣದ ಔಷಧ ಚುಚ್ಚಿದರು. ಅದು ಹೋಗಿ ಗಡ್ಡೆಗೆ ಅಂಟುತ್ತದೆ, ಹೊಟ್ಟೆ ತೆರೆದು ಪೆನ್ನಿನಂಥ ಸಲಕರಣೆ ಆಡಿಸಿದರೆ ಗಡ್ಡೆ ಇದ್ದಲ್ಲಿ ಅದು ಕೂಗುತ್ತದೆ ಎಂದು ಅವಳ ಗಂಡ, ಅಂದರೆ ನಮ್ಮ ಕಾಕಾ, ವಿವರಿಸಿದ್ದರು. ಬಸುರಿಯರಿಂದ, ಎಳೆಗೂಸುಗಳಿಂದ ಒಂದು ದಿನ ದೂರ ಇರಬೇಕು ಎಂದೂ ಡಾಕ್ಟರು ಹೇಳಿದ್ದರಂತೆ.

ಸಲಕರಣೆ ಕೂಗಿತು. ಒಂದು ಕಡೆಯಲ್ಲ, ಕರುಳಿನ ಉದ್ದಕ್ಕೂ. ಸಿಕ್ಕಷ್ಟು ತೆಗೆದು ಹೊಲಿದರು.

ಕಾಕು ಮರಳುವಷ್ಟರಲ್ಲಿ ನನಗೆ ಮಗಳು ಹುಟ್ಟಿದ್ದಳು. ನೋಡಲು ಬಂದವಳು ಹೊಸ್ತಿಲ ಆಚೆಯೇ ಗೋಡೆಗೆ ಆತು ನಿಂತಳು. "ಹಂಗಲ್ಲ ಬೇ, ಅಂಗೈಯಾಗ ತೆಲಿ ಹಿಡಿ" ಎಂದು ಅಲ್ಲಿಂದಲೇ ಅವ್ವನಿಗೆ ಹೇಳಿಕೊಟ್ಟಳು.

"ಆ ಔಷಧ ಯಾವಾಗೋ ಇಳದೈತಿ ಕಾಕು. ಡಾಕ್ಟರು ಒಂದ ದಿನ ಅಂದಿದ್ರಲ್ಲಾ. ಬಾ, ಎತ್ಕೋ" ಎಂದೆ.

"ಅವರು ಔಷಧದ್ದು ಹೇಳ್ಯಾರ. ಅದು ಹತ್ಕೊಂಡ ಗಡ್ಡಿ ಇನ್ನೂ ನನ್ನ ಒಳಗ ಐತೆಲ್ಲವಾ. ಕೂಸಿನ ಮ್ಯಾಲ ಪರೀಕ್ಷಾ ಮಾಡೂದು ಬ್ಯಾಡ."

ಸೂತಕಕ್ಕೆ ನಕ್ಕವಳು ತನ್ನ ಮೈಗೆ ತಾನೇ ಸೂತಕ ಹಚ್ಚಿಕೊಂಡಿದ್ದಳು. ನನಗೆ ಸಿಟ್ಟು ಬಂತು, ಜಗಳ ತೆಗೆದೆ, ಅತ್ತುಬಿಟ್ಟೆ. ಕಾಕಾ ಡಾಕ್ಟರಿಗೆ ಫೋನ್ ಹಚ್ಚಿ ಅವಳ ಕಿವಿಗೇ ಹಿಡಿದರು. "ಹೌದ್ರಿ, ಹೌದ್ರಿ" ಎಂದಳೇ ಹೊರತು ಹೊಸ್ತಿಲು ದಾಟಲಿಲ್ಲ. ನನ್ನ ಮಗಳಿಗೆ ಎರೆಯುವಾಗೆಲ್ಲ ಆಚೆ ನಿಂತ ಅವಳ ಕೈ ಗಾಳಿಯಲ್ಲೇ ಕೂಸಿನ ಬೆನ್ನು ತಿಕ್ಕುತ್ತಿತ್ತು…

ನಾನು ಗಂಡನ ಮನೆಗೆ ಹೊರಡುವ ಮೊದಲೇ ಕಾಕು ಹೋಗಿಬಿಟ್ಟಳು. ಅವರ ಪದ್ಧತಿಯಂತೆ ವಿಭೂತಿ ಹಚ್ಚಿ, ಹೂ ಹಾಕಿ, ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ನಾನು ಯಾರನ್ನೂ ಕೇಳದೆ ಮಗಳನ್ನು ಅವಳ ತೊಡೆಯ ಮೇಲೆ ಮಲಗಿಸಿದೆ. ಕೂಸು ಚಿಟ್ಟನೆ ಚೀರಿತು. ಅಲ್ಲೇ ತಲೆ ತಗ್ಗಿಸಿ ಕುಳಿತಿದ್ದ ಕಾಕಾ, "ಏ, ಕೂಸು ಅಳಾಕತ್ತೈತಿ ನೋಡ" ಎಂದು ಅವಳಿಗೇ ಹೇಳಿದರು.

ಮಗಳೀಗ ಶಾಲೆಯಲ್ಲಿ ಎರಡನೇ ಇಯತ್ತೆ. ತವರಿಗೆ ಬಂದಾಗ ಓಣಿಯಲ್ಲಿ ಎದುರಾದರೆ ಕಾಕಾ ಅವಳ ತಲೆ ಸವರುತ್ತಾರೆ. ಅವತ್ತಿನಿಂದ ನನ್ನ ಮುಖ ಮಾತ್ರ ನೋಡುವುದಿಲ್ಲ. ನನಗೂ ಅವರ ಮುಖ ನೋಡಲು ಆಗುವುದಿಲ್ಲ.