ಅಗ್ಗಿಷ್ಟಿಕೆಯ ಮೇಲೆ ನಲವತ್ಮೂರು ಇಂಚು

ಜಯದೇವ ಕೂತಲ್ಲಿ ಕೂರುವ ಪ್ರಾಣಿಯಲ್ಲ. ಮೈಸೂರಿನ ಸರಸ್ವತಿಪುರಂನಿಂದ ಜಪಾನಿಗೆ ಬಂದು, ಎಬಿನಾ ಎಂಬ ಊರಿನ ಬ್ರೇಕ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ಹದಿನೇಳು ವರ್ಷ ಕಳೆದಿದ್ದರೂ, ರೈಲಿಗೆ ಹೊತ್ತಾದವನ ಹಾಗೆ ಅರ್ಧ ಎದ್ದೇ ಇರುತ್ತಿದ್ದ. ಯಾರು ಸಿಕ್ಕಿ ಏನು ಕೇಳಿದರೂ ಒಂದೇ ಉತ್ತರ, "ಮುಂದಿನ ವರ್ಷ ವಾಪಸ್."

ಈ ಮಾತಿಗೆ ತಕ್ಕ ಹಾಗೆಯೇ ಅವನ ಸಂಸಾರವೂ ನಡೆದಿತ್ತು. ಜಪಾನು ಬಿಟ್ಟು ಊರಿಗೆ ಮರಳುವ ನಮ್ಮವರು ಮನೆ ಸಾಮಾನನ್ನು ಸಿಕ್ಕಿದ ಬೆಲೆಗೆ ಮಾರಿ ಕೈತೊಳೆದುಕೊಳ್ಳುತ್ತಾರೆ. ಟೋಕಿಯೊದ ನಿಶಿ ಕಸಾಯಿಯ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ ತಿಂಗಳಿಗೊಂದಾದರೂ ಅಂಥ ಮಾರಾಟ ಇದ್ದೇ ಇರುತ್ತದೆ. ಜಯದೇವನ ಮನೆಯ ಸೋಫಾ, ಇಡ್ಲಿ ಕುಕ್ಕರು, ಮಗಳು ಓದುವ ಮೇಜು, ಎಲ್ಲ ಹಾಗೆ ಬಂದವು. ಮಾರಿದವರೆಲ್ಲ ಊರು ಸೇರಿ ಮನೆ ಕಟ್ಟಿ ಗೃಹಪ್ರವೇಶವನ್ನೂ ಮುಗಿಸಿದ್ದರು. ಹೋಗುತ್ತೇನೆ ಅನ್ನುತ್ತಿದ್ದವನು ಮಾತ್ರ ಅವರ ಸೋಫಾದ ಮೇಲೆ ಕೂತಿದ್ದ.

ಬಾಡಿಗೆ ಮನೆಯನ್ನು ಕೆಡವುತ್ತೇವೆಂದು ಮಾಲೀಕರು ಹೇಳಿದ ಮೇಲೆ, ಬೇರೆ ದಾರಿ ಕಾಣದೆ ಈ ವಸಂತದಲ್ಲಿ ಹಳೆಯದೊಂದು ಮನೆ ಕೊಂಡ. ಕೊಂಡೆ ಎಂದು ಹೇಳಿಕೊಳ್ಳಲಿಕ್ಕೂ ಅವನಿಗೆ ನಾಚಿಕೆ. "ಇನ್ವೆಸ್ಟ್‌ಮೆಂಟು ಅಷ್ಟೆ, ಹೋಗುವಾಗ ಬಾಡಿಗೆಗೆ ಕೊಟ್ಟು ಹೋಗೋದು" ಎಂದು ಕೇಳದವರಿಗೂ ಹೇಳಿದ. ಹಿಂದಿನ ಯಜಮಾನನಿಗೆ ವಿಲಾಯಿತಿ ಹುಚ್ಚು ಇದ್ದಿರಬೇಕು, ನಡುಮನೆಯಲ್ಲಿ ಇಟ್ಟಿಗೆಯ ಅಗ್ಗಿಷ್ಟಿಕೆ ಕಟ್ಟಿಸಿದ್ದ. ಅದರ ಮೇಲೊಂದು ದಪ್ಪ ಮರದ ಹಲಗೆ, ಹಲಗೆಯಿಂದ ಸೂರಿನವರೆಗೂ ಬರೀ ಗೋಡೆ. ಜಯದೇವನ ಹೆಂಡತಿ ಕುಮುದಾ ಅಲ್ಲಿ ದೊಡ್ಡದೊಂದು ಟಿ.ವಿ. ತೂಗುಹಾಕಬೇಕೆಂದು ಮೊದಲ ದಿನವೇ ತೀರ್ಮಾನಿಸಿದಳು. ಬಾಡಿಗೆ ಮನೆಗಳಲ್ಲಿ ಮೊಳೆ ಹೊಡೆಯುವಂತಿರಲಿಲ್ಲ, ಇಷ್ಟು ವರ್ಷ ಕ್ಯಾಲೆಂಡರನ್ನೂ ಅಂಟುಪಟ್ಟಿಯಲ್ಲೇ ಅಂಟಿಸಿ ಅವಳಿಗೆ ಬೇಸತ್ತಿತ್ತು.

ಹಳೇ ಪತ್ರಿಕೆಗಳನ್ನು ಅರವತ್ತೈದು ಇಂಚಿನ ಅಳತೆಗೆ ಕತ್ತರಿಸಿ ಅವಳೇ ಗೋಡೆಗೆ ಅಂಟಿಸಿದಳು. ದೂರ ನಿಂತು ನೋಡಿದರೆ ಆ ಗೋಡೆಗೆ ಹೇಳಿ ಮಾಡಿಸಿದ ಹಾಗಿತ್ತು.

ಜಯದೇವ ಮಾತ್ರ ಶತಪಥ ತಿರುಗಿದ. ಬೆಂಕಿ ಹಾಕಿದರೆ ಕಾವಿಗೆ ಟಿ.ವಿ. ಕೆಡುತ್ತದೆ ಅಂದ. ಕುಮುದಾ ಹಲಗೆಯ ದಪ್ಪ ತೋರಿಸಿದಳು. ಅಷ್ಟು ಎತ್ತರ ನೋಡಿದರೆ ಕತ್ತು ನೋಯುತ್ತದೆ ಅಂದ. ಮುಂದಕ್ಕೆ ಬಾಗುವ ಚೌಕಟ್ಟು ಸಿಗುತ್ತದೆ ಎಂದಳು. ಭೂಕಂಪವಾದರೆ ತಲೆಯ ಮೇಲೆ ಬೀಳುತ್ತದಲ್ಲ ಅಂದ.

"ರೀ, ಈ ದೇಶದಲ್ಲಿ ಎಲ್ಲರ ಮನೇಲೂ ಟಿ.ವಿ. ಇದೆ. ನಮ್ಮನೇದು ಒಂದೇ ಬೀಳುತ್ತಾ?"

ಅವನು ಟೇಪು ಹಿಡಿದು ಮತ್ತೆ ಅಳೆಯತೊಡಗಿದ. ಅಳೆಯುತ್ತಿದ್ದುದು ಗೋಡೆಯನ್ನಲ್ಲ, ವಾಪಸ್ ಹೋಗುವಾಗ ಬೇಕಾದೀತೆಂದು ಮಹಡಿ ಮೆಟ್ಟಿಲ ಕೆಳಗೆ ಮಡಚಿಟ್ಟಿದ್ದ ಸಾಮಾನು ಸಾಗಣೆಯ ರಟ್ಟಿನ ಪೆಟ್ಟಿಗೆಯನ್ನು. ಅದರೊಳಗೆ ಹಿಡಿಸುವುದು ನಲವತ್ಮೂರು ಇಂಚು. ಕುಮುದಾ ನೋಡಿದಳು, ಎಲ್ಲ ಅರ್ಥವಾಯಿತು. ಆದರೆ ಅವಳ ಸಂಕಟ ಟಿ.ವಿ.ಯದಾಗಿರಲಿಲ್ಲ.

ಮಗಳು ವರ್ಷಿಣಿ ಒಂಬತ್ತನೆಯ ತರಗತಿ. ಜಪಾನಿನಲ್ಲಿ ಹೈಸ್ಕೂಲು ಶುರುವಾಗುವುದು ಹತ್ತನೆಯದರಿಂದ, ಮಾರ್ಚಿಗೆ ಈಗಿನ ಶಾಲೆ ಮುಗಿಯುತ್ತದೆ. ಅಷ್ಟರೊಳಗೆ ಮುಂದಿನ ಹೈಸ್ಕೂಲು ಆರಿಸಿ ಪರೀಕ್ಷೆ ಬರೆಯಬೇಕು. ಮೇಷ್ಟ್ರು ಜುಲೈನಲ್ಲೇ ಮೂವರನ್ನೂ ಕೂರಿಸಿಕೊಂಡು, ಯಾವ ಹೈಸ್ಕೂಲು ಎಂದು ಕೇಳಿದ್ದರು. ಹುಡುಗಿ ಬಾಯಿ ತೆರೆಯುವ ಮೊದಲೇ ಜಯದೇವ, ಯೋಚಿಸಿ ಹೇಳುತ್ತೇವೆ ಅಂದುಬಿಟ್ಟ. ಜಪಾನಿನಲ್ಲಿ ಹಾಗೆಂದರೆ ಮಾತು ಮುಗಿಯಿತು ಎಂದೇ ಲೆಕ್ಕ. ಮೇಷ್ಟ್ರು ತಲೆಬಾಗಿ ನಮಸ್ಕರಿಸಿ ಎದ್ದರು. ಬೇಸಿಗೆ ಕಳೆದು ಸೆಪ್ಟೆಂಬರು ಬಂದರೂ ಯೋಚನೆ ಮುಗಿದಿರಲಿಲ್ಲ. ಕುಮುದಾ ಕೇಳಿದರೆ "ನೋಡೋಣ" ಅನ್ನುತ್ತಿದ್ದ. ವರ್ಷಿಣಿ ಕೇಳುವುದನ್ನೇ ಬಿಟ್ಟಿದ್ದಳು.

ಟಿ.ವಿ. ಆರಿಸಲು ಊರಿನ ಅಂಗಡಿಗೆ ಹೋದಾಗ ಜಯದೇವ ಚಿತ್ರ ಹೇಗೆ ಬರುತ್ತದೆಂದು ಕಣ್ಣೆತ್ತಿ ನೋಡಲಿಲ್ಲ. ಒಂದೊಂದನ್ನೂ ಹಿಂದೆ ತಿರುಗಿಸಿ, ಇಂಡಿಯಾದ ಕರೆಂಟಿಗೆ ನಡೆಯುತ್ತದೆಯೇ ಎಂದು ಕೇಳಿದ. ಜಪಾನಿನ ಕರೆಂಟು ನೂರು ವೋಲ್ಟು, ನಮ್ಮದು ಅದರ ಎರಡರಷ್ಟಕ್ಕೂ ಮೇಲೆ. ಮಾರುವವನು ತಬ್ಬಿಬ್ಬಾಗಿ, ಎಲ್ಲಿ ಹಾಕಲಿಕ್ಕೆ ಎಂದು ವಿನಯದಿಂದ ವಿಚಾರಿಸಿದ.

"ಅಗ್ಗಿಷ್ಟಿಕೆಯ ಮೇಲೆ. ಇಲ್ಲೇ, ಎಬಿನಾದಲ್ಲೇ," ಎಂದಳು ಕುಮುದಾ. ಅವಳ ದನಿ ಗಡುಸಾಗಿತ್ತು.

ಕೊನೆಗೆ ಜಯದೇವ ಒಬ್ಬನೇ ಟೋಕಿಯೊಗೆ ಹೋಗಿ, ಹೊರದೇಶಕ್ಕೆ ಒಯ್ಯುವವರಿಗೆಂದೇ ಇರುವ ಅಂಗಡಿಯಿಂದ ಎರಡೂ ಕರೆಂಟಿಗೆ ನಡೆಯುವ ನಲವತ್ಮೂರು ಇಂಚಿನದನ್ನು ಹೊತ್ತು ತಂದ. ಗೋಡೆ ಕೊರೆಯಲಿಲ್ಲ, ಹಲಗೆಯ ಮೇಲೆ ಕಾಲು ಊರಿಸಿ ನಿಲ್ಲಿಸಿದ. ಅಷ್ಟಗಲದ ಗೋಡೆಯಲ್ಲಿ ಅದು ಯಾರದೋ ಫೋಟೋ ಇಟ್ಟ ಹಾಗೆ ಕಾಣುತ್ತಿತ್ತು. ಹಾರ ಒಂದು ಕಮ್ಮಿ ಎಂದು ಕುಮುದಾ ಮನಸ್ಸಿನಲ್ಲೇ ಅಂದುಕೊಂಡಳು. ವರ್ಷಿಣಿ ಒಂದು ನೋಟ ನೋಡಿ, ಚೀಲ ಹೆಗಲಿಗೇರಿಸಿ ಬ್ಯಾಂಡಿನ ಅಭ್ಯಾಸಕ್ಕೆ ಹೊರಟುಹೋದಳು.

ಶಾಲೆಯ ಬ್ಯಾಂಡಿನಲ್ಲಿ ಅವಳು ಟ್ರೊಂಬೋನ್ ನುಡಿಸುತ್ತಾಳೆ. ಬೇಸಿಗೆಯ ಸ್ಪರ್ಧೆಯಲ್ಲಿ ಅವರಿಗೆ ಬಹುಮಾನ ಬಂದದ್ದರಿಂದ ಊರಿನ ವಾಹಿನಿಯವರು ಬಂದು ಚಿತ್ರ ತೆಗೆದುಕೊಂಡು ಹೋಗಿದ್ದರು. ಆ ಶನಿವಾರ ಮಧ್ಯಾಹ್ನ ಅದರ ಪ್ರಸಾರ. ವರ್ಷಿಣಿ ಶಾಲೆಯಲ್ಲಿ ಗೆಳತಿಯರ ಜೊತೆ ನೋಡುತ್ತೇನೆಂದು ಹೋಗಿದ್ದಳು. ಕುಮುದಾ ಚಕ್ಕುಲಿ ತಟ್ಟೆ ಹಿಡಿದು ಸೋಫಾದಲ್ಲಿ ಕೂತಳು. ಜಯದೇವ ಗುಂಡಿ ಒತ್ತಿದ. ಪರದೆ ನೀಲಿಯಾಯಿತು, ನೀಲಿಯಾಗಿಯೇ ಉಳಿಯಿತು. ಹೊರದೇಶಕ್ಕೆಂದು ಮಾಡಿದ ಟಿ.ವಿ.ಗೆ ಜಪಾನಿನ ಯಾವ ವಾಹಿನಿಯೂ ಹಿಡಿಯುವುದಿಲ್ಲ. ಇಷ್ಟು ದಿನ ಫೋನಿನಿಂದ ಕನ್ನಡ ಸಿನಿಮಾ ಹಾಕಿಕೊಂಡು ನೋಡುತ್ತಿದ್ದವರಿಗೆ ಅದು ಗೊತ್ತೇ ಆಗಿರಲಿಲ್ಲ. ಅವನು ಬೆವರುತ್ತ ಒಂದಾದ ಮೇಲೊಂದು ಗುಂಡಿ ಒತ್ತಿದ.

"ಬಿಡಿ. ಅದು ಮೈಸೂರಿಗೆ ಹೋದ್ಮೇಲೆ ಮಾತಾಡುತ್ತೆ," ಎಂದು ಕುಮುದಾ ತಟ್ಟೆ ಹಿಡಿದುಕೊಂಡೇ ಪಕ್ಕದ ಮನೆಗೆ ನಡೆದಳು. ಅವನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದ.

ಪಕ್ಕದ ಮನೆಯ ಒನೊದೆರಾ ಸಾನ್ ವಯಸ್ಸಾದ ಹೆಂಗಸು, ಕಿವಿ ಸ್ವಲ್ಪ ಮಂದ, ಟಿ.ವಿ. ಮಾತ್ರ ಗೋಡೆ ತುಂಬುವಂಥದ್ದು. "ಸುಮಿಮಾಸೆನ್, ತೊಂದರೆ ಕೊಟ್ಟೆವು" ಎನ್ನುತ್ತ ಇವರು ಕೂರುವುದಕ್ಕೂ ಬ್ಯಾಂಡು ಮುಗಿಯುವುದಕ್ಕೂ ಸರಿಹೋಯಿತು. ವರದಿಗಾರ್ತಿ ಮೈಕು ಹಿಡಿದು ವರ್ಷಿಣಿಯ ಮುಂದೆ ನಿಂತಳು. ನಿನ್ನ ಊರು ಯಾವುದು ಎಂದಳು.

"ಎಬಿನಾ."

"ಇಲ್ಲ, ಮೂಲ ಊರು?"

"ಮೂಲದಿಂದಲೂ ಎಬಿನಾ. ಸ್ಟೇಷನ್ನಿನ ಹಿಂದಿನ ಆಸ್ಪತ್ರೆಯಲ್ಲಿ ಹುಟ್ಟಿದ್ದು," ಎಂದು ವರ್ಷಿಣಿ ನಕ್ಕಳು. ಒನೊದೆರಾ ಸಾನ್ ಚಪ್ಪಾಳೆ ತಟ್ಟಿದರು.

ಹೈಸ್ಕೂಲಿನಲ್ಲೂ ಟ್ರೊಂಬೋನ್ ಮುಂದುವರಿಸುತ್ತೀಯಾ ಎಂಬುದು ಮುಂದಿನ ಪ್ರಶ್ನೆ. ವರ್ಷಿಣಿಯ ನಗು ನಿಂತಿತು. ಅಷ್ಟು ದೊಡ್ಡ ಪರದೆಯಲ್ಲಿ ಬಚ್ಚಿಡಲು ಜಾಗವಿರಲಿಲ್ಲ. ಕೆಳತುಟಿ ನಡುಗಿದ್ದು, ಉಗುಳು ನುಂಗಿದ್ದು, ಕಣ್ಣು ಒಮ್ಮೆ ಕೆಳಗಿಳಿದು ಮತ್ತೆ ಮೇಲೆದ್ದಿದ್ದು ಎಲ್ಲ ಕಂಡಿತು. "ಇನ್ನೂ ಗೊತ್ತಿಲ್ಲ," ಎಂದು ಹೇಳಿ ಅವಳು ತಲೆಬಾಗಿ ವಂದಿಸಿದಳು. ಮಗಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ ಜಯದೇವನಿಗೇ ನೆನಪಾಗಲಿಲ್ಲ.

ಮನೆಗೆ ಮರಳುವಾಗ, "ಅವರ ಟಿ.ವಿ. ಎಷ್ಟು ಇಂಚು?" ಎಂದು ಕೇಳಿದ.

"ಅರವತ್ತೈದು," ಎಂದಳು ಕುಮುದಾ.

ಸಂಜೆ ವರ್ಷಿಣಿ ಬಂದು ಬೂಟು ಬಿಚ್ಚುವಾಗಲೇ ಅವನು ಬಾಗಿಲಿಗೆ ಹೋಗಿ ನಿಂತಿದ್ದ. "ಯಾವ ಹೈಸ್ಕೂಲು ಪುಟ್ಟಿ?"

ಅವಳು ತಲೆಯೆತ್ತದೆ ಒಂದೇ ಉಸಿರಿಗೆ ಹೆಸರು ಹೇಳಿದಳು. ಪಕ್ಕದೂರು ಅತ್ಸುಗಿಯಲ್ಲಿದೆ, ಬ್ಯಾಂಡು ತುಂಬಾ ಒಳ್ಳೆಯದು, ಸೈಕಲ್ಲಿನಲ್ಲಿ ಹೋಗಬಹುದು, ಮಳೆ ಬಂದರೆ ಬಸ್ಸಿದೆ. ತಿಂಗಳುಗಟ್ಟಲೆ ಬಾಯಿಪಾಠ ಮಾಡಿಟ್ಟವಳ ಹಾಗಿತ್ತು ಆ ಉತ್ತರ.

"ಸೋಮವಾರ ಮೇಷ್ಟ್ರಿಗೆ ನಾನೇ ಹೇಳ್ತೀನಿ."

"ಹೊಂತೊ? ನಿಜ? ನೋಡೋಣ ಅಲ್ವಾ?"

"ನಿಜ."

ವರ್ಷಿಣಿ ಬೂಟಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, ಸರಿಯಾಗಿ ಬಾರದ ಕನ್ನಡವನ್ನು ತಡಕಾಡುತ್ತ ಹೇಳಿದಳು. "ಅಪ್ಪಾ, ಫಸ್ಟ್ ಗ್ರೇಡಿಂದ ಎವ್ರಿ ಮಾರ್ಚ್ ನಾನು ಎಲ್ಲಾ ಫ್ರೆಂಡ್ಸಿಗೂ ಬೈ ಹೇಳ್ತೀನಿ. ನೀನು ವಾಪಸ್ ಅಂತೀಯ ಅಲ್ವಾ, ಅದಕ್ಕೆ. ಕಾರ್ಡ್ ಕೊಡ್ತಾರೆ, ಕೆಲವರು ಅಳ್ತಾರೆ. ಏಪ್ರಿಲ್‌ಗೆ ಮತ್ತೆ ನಾನು ಅದೇ ಸ್ಕೂಲಲ್ಲಿ. ಎಲ್ಲರೂ ನಗ್ತಾರೆ. ಈಗ ಯಾರೂ ಕಾರ್ಡ್ ಕೊಡಲ್ಲ."

ಜಯದೇವ ಮಗಳ ಪಕ್ಕದಲ್ಲಿ, ಬೂಟುಗಳ ನಡುವೆ, ನೆಲದ ಮೇಲೇ ಕೂತುಬಿಟ್ಟ.

"ಈ ಮಾರ್ಚ್ ಬೈ ಹೇಳೋದು ಬೇಡ ಅಲ್ವಾ?" ಎಂದು ಕೇಳಿದಳು ವರ್ಷಿಣಿ.