ಬೆಕ್ಕು ಮಲಗಿದ ಒಲೆ

ಆಗ ನನಗೆ ಇಪ್ಪತ್ತು ವರ್ಷ. ಈ ಮಾತಿಗೆ ನಲವತ್ತೈದು ವರ್ಷವಾದರೂ ಆಗಿರಬೇಕು. ಬೆಟ್ಟ ಕೊರೆದು ಪೆರಿಯಾರಿನ ನೀರನ್ನು ನಮ್ಮ ಕಂಬಂ ಕಣಿವೆಗೆ ಇಳಿಸಿದರಲ್ಲ, ಅದರ ಮರುವರ್ಷ. ಚಿನ್ನಮನೂರಿನ ಕಡೆಯ ನಮ್ಮ ಊರಿನಲ್ಲಿ ಯಾರ ಮನೆಯ ಸಂಗತಿ ತಿಳಿಯಬೇಕಾದರೂ ಬಾಗಿಲು ತಟ್ಟಬೇಕಾಗಿರಲಿಲ್ಲ, ಸೂರು ನೋಡಿದರೆ ಸಾಕು. ಹೊಗೆ ಎದ್ದರೆ ಅಡುಗೆ. ಏಳದಿದ್ದರೆ ಮನೆಯಲ್ಲಿ ಕಾಳಿಲ್ಲ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಹಾಕಿದ್ದರೆ ಒಳಗೆ ಸಾವು. ಅಕ್ಷರವನ್ನು ಇವತ್ತಿಗೂ ತಡವರಿಸಿ ಓದುವ ನನಗೆ ಈ ಓದು ಮಾತ್ರ ಆಗಲೇ ಸಲೀಸಾಗಿ ಬರುತ್ತಿತ್ತು.

ನಮ್ಮದು ಊರಿಗೆಲ್ಲ ಬಿತ್ತನೆಕಾಳು ಕೊಡುವ ಮನೆ. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಅದಕ್ಕೆ ಹೆಸರಿರಲಿಲ್ಲ, ಎತ್ತಿಗಲ್ಲದೆ ಬೇರೆ ಪ್ರಾಣಿಗೆ ಹೆಸರಿಡುವ ಪದ್ಧತಿ ನಮ್ಮಲ್ಲಿಲ್ಲ. ಬೈಗುಳ ಮಾತ್ರ ಧಾರಾಳ. ನನ್ನ ಅತ್ತೆ ದಿನವೂ ಅದರ ವಂಶವನ್ನೆಲ್ಲ ಜಾಲಾಡಿ, ಆಮೇಲೆ ತನ್ನ ಗಂಜಿಯ ಮೊದಲ ಪಾಲನ್ನು ಅದಕ್ಕೇ ಸುರಿಯುತ್ತಿದ್ದಳು. ಬೈಗುಳದಲ್ಲಿ ಮಿಕ್ಕದ್ದು ಸೊಸೆಯ ಪಾಲಿಗೆ. ಗಂಜಿಯ ವಿಷಯ ಕೇಳಬೇಡಿ.

ಆ ವರ್ಷ ಬೆಕ್ಕು ತಿನ್ನುವುದನ್ನು ಬಿಟ್ಟಿತು. ಹಾಲನ್ನು ಬಾಯಿಗೆ ಹಚ್ಚಿದರೂ ನೆಕ್ಕಲಿಲ್ಲ. ಬೆನ್ನು ಮುಟ್ಟಿದರೆ ಮೂಳೆ, ಕಿವಿ ಮುಟ್ಟಿದರೆ ತಣ್ಣಗೆ. ಒಂದು ಬೆಳಿಗ್ಗೆ ನೋಡಿದರೆ ಒಲೆಯೊಳಗಿನ ಬೆಚ್ಚಗಿನ ಬೂದಿಯಲ್ಲಿ ಮುದುಡಿಕೊಂಡಿದೆ. ಎತ್ತಿ ಬುಟ್ಟಿಯಲ್ಲಿಟ್ಟೆ, ತೆವಳಿಕೊಂಡು ಮತ್ತೆ ಅಲ್ಲಿಗೇ ಹೋಯಿತು. ಎರಡನೆಯ ಸಲ ಕೈ ಹಾಕಿದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದಳು.

"ಬಿಡೇ. ಸಾಯೋದು ಅಲ್ಲೇ ಸಾಯ್ಲಿ."

"ಕೂಳು?"

"ಒಂದು ದಿನ ಉಣ್ಣದಿದ್ರೆ ನಿನ್ ಗಂಡ ಕರಗಿ ಹೋಗಾಕಿಲ್ಲ."

ಒಳಗೆ ಹಚ್ಚುವಂತಿಲ್ಲ, ಅಂಗಳದಲ್ಲಿ ಹೂಡುವಂತಿಲ್ಲ. ಬೆಂಕಿಯಿಲ್ಲದ ಒಲೆಯ ಬೂದಿ ಎಷ್ಟು ಹೊತ್ತು ಬೆಚ್ಚಗಿದ್ದೀತು? ಮಧ್ಯಾಹ್ನಕ್ಕೆ ಆರಿತು, ಬೆಕ್ಕು ನಡುಗತೊಡಗಿತು. ಅತ್ತೆ ನನ್ನ ಕೈಗೊಂದು ಮಡಕೆಯ ಓಡು ಕೊಟ್ಟು ಪಕ್ಕದ ಮನೆಯ ಚೆಲ್ಲಕ್ಕನ ಬಳಿಗೆ ಅಟ್ಟಿದಳು. ಕಾರಣ ಹೇಳಬಾರದೆಂದು ಅಪ್ಪಣೆ. ಹೇಳಿದರೆ ಊರೆಲ್ಲ ನಗುತ್ತದೆ, ನಕ್ಕವರಲ್ಲಿ ಒಬ್ಬರು ಬಂದು ಬೆಕ್ಕನ್ನು ಎತ್ತಿ ಹೊರಗೆ ಹಾಕುತ್ತಾರೆ.

ಕೆಂಡ ಕಡ ಕೇಳುವುದು ದಿನನಿತ್ಯದ ಮಾತು. ಚೆಲ್ಲಕ್ಕ ಒಲೆಯಿಂದ ಕೆಂಡ ಎಳೆದಳು.

"ಕೆಂಡ ಬೇಡ ಅಕ್ಕಾ, ಬಿಸಿ ಬೂದಿ ಕೊಡು."

"ಬೂದಿಯಾ? ಬೂದಿಲಿ ಏನ್ ಬೇಯಿಸ್ತೀಯೇ?"

ನಾನು ಓಡನ್ನು ಇನ್ನಷ್ಟು ಮುಂದೆ ಚಾಚಿದೆ. ಅವಳು ಹೊರಗೆ ಬಂದು ನಮ್ಮ ಸೂರು ನೋಡಿದಳು, ನನ್ನ ಮುಖ ನೋಡಿದಳು, "ಅಯ್ಯೋ ಪಾಪ" ಎಂದು ಓಡಿನ ತುಂಬ ಬೂದಿ ಹಾಕಿದಳು. ನಾನು ಮನೆ ಸೇರಿದ ಸ್ವಲ್ಪ ಹೊತ್ತಿಗೆ ಸೆರಗಿನಡಿ ಸಜ್ಜೆಯ ಗಂಜಿಯ ಮಡಕೆ ಮುಚ್ಚಿಕೊಂಡು ಹಿತ್ತಿಲ ಬಾಗಿಲಿಗೆ ಬಂದಳು.

"ಯಾರ್ಗೂ ಹೇಳಾಕಿಲ್ಲ, ದೊಡ್ಡವ್ವಾ. ಎಲ್ರ ಮನೇಲೂ ಬರೋದೇ."

ಒಳಗೆ ಕುಳಿತಿದ್ದ ಮಾವನ ಮುಖ ಕೆಂಪಾಯಿತು. ಊರಿಗೆ ಕಾಳು ಅಳೆದುಕೊಡುವ ಮನುಷ್ಯ. ಬೆನ್ನ ಹಿಂದೆ ಕತ್ತಿನವರೆಗೆ ತುಂಬಿದ ಕಣಜ, ಕಣ್ಣ ಮುಂದೆ ಕನಿಕರದ ಗಂಜಿ. ಬೆಕ್ಕಿನ ವಿಷಯ ಅತ್ತೆ ಒಂದು ಮಾತು ಹೇಳಿದ್ದರೆ ಮನೆಯ ಮಾನ ಉಳಿಯುತ್ತಿತ್ತು. ಅವಳು ಮಡಕೆ ತೆಗೆದುಕೊಂಡು ಅಲ್ಲೇ ನಿಂತು ಒಂದು ಗುಟುಕು ಕುಡಿದಳು.

"ಉಪ್ಪು ಕಮ್ಮಿ" ಅಂದಳು.

ಮಾವನೂ ಕುಡಿದರು. ಅವರಿಗೆ ಆ ಗಂಜಿ ಹೇಗೆ ಇಳಿಯಿತೋ ಕಾಣೆ. ನನಗೆ ಹಸಿವಾಗಿತ್ತು, ಸುಖವಾಗಿ ಇಳಿಯಿತು. ಮಾನವೇ ಪ್ರಾಣ ಅನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಂದು ಪ್ರಾಣಕ್ಕಾಗಿ ಮಾನವನ್ನು ಗಂಜಿಯ ಜೊತೆ ನುಂಗಿ, ಮೇಲೆ ಉಪ್ಪಿನ ಕೊರತೆ ಹೇಳಿದವಳನ್ನು ಒಬ್ಬಳನ್ನೇ ಕಂಡದ್ದು.

ಅತ್ತೆ ಒಲೆಯ ಮುಂದೆ ಕುಳಿತು ಬೆಕ್ಕಿನ ಸುತ್ತ ಬಿಸಿ ಬೂದಿ ಹರಡಿದಳು. "ಸಾಯಾಕೂ ಒಲೆಯೇ ಬೇಕೇನೇ ನಿನಗೆ, ದೊರೆಸಾನಿ" ಎಂದು ಬೈಯುತ್ತ ಅದರ ಕಿವಿಯ ಹಿಂದೆ ಕೆರೆಯುತ್ತಿದ್ದಳು. ದನ ಮನೆಗೆ ಬರುವ ಹೊತ್ತಿಗೆ ಬೈಗುಳ ನಿಂತಿತು. ಅದರಿಂದಲೇ ನನಗೆ ತಿಳಿದದ್ದು. ಮಾವ ಹಿತ್ತಿಲ ನುಗ್ಗೆಮರದ ಬುಡದಲ್ಲಿ ಗುಂಡಿ ತೆಗೆದರು. ಅತ್ತೆ ತನ್ನ ಹಳೆಯ ಸೀರೆ ಹರಿದು ಸುತ್ತಿದಳು. ಅತ್ತಳೋ ಇಲ್ಲವೋ ನಾನು ನೋಡಲು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಒಲೆಯ ಬೂದಿಯಲ್ಲಿ ಬೆಕ್ಕಿನಷ್ಟೇ ಅಗಲದ ಗುಳಿ. ಅತ್ತೆ ಏಳುವ ಮೊದಲೇ ಅದನ್ನು ಕೈಯಿಂದ ಸಮಮಾಡಿ, ಮೇಲೆ ಸೌದೆ ಜೋಡಿಸಿ, ಕೆಂಡ ತರಲು ಚೆಲ್ಲಕ್ಕನ ಮನೆಗೆ ಹೋದೆ.