ಬಕ್ಕಬಾರಲು ಬಿದ್ದ ದೋಣಿ

ಆ ಭಾನುವಾರದಿಂದ ಈಚೆಗೆ ಯಾರಾದರೂ ಬಾಗಿಲು ಬಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಕ್ವಾರ್ಟರ್ಸಿನ ಹಾಲಿನವನಿಗೆ ಬಾಗಿಲು ಬಡಿಯಬೇಡ, ಕೂಗು ಸಾಕು ಎಂದು ಹೇಳಿಬಿಟ್ಟಿದ್ದೇನೆ. ಅವನಿಗೆ ನಾನು ಸ್ವಲ್ಪ ತಿಕ್ಕಲು ಅನ್ನಿಸಿರಬೇಕು. ಅನ್ನಿಸಲಿ.

ಇವರಿಗೆ, ಅಂದರೆ ನನ್ನ ಗಂಡನಿಗೆ, ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದ ಕೆಳಗಿನ ಕೆಲಸ. ನಾನು ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಇವರ ಪಾಳಿ, ನನ್ನ ಶಾಲೆ ಎರಡೂ ಹೊಂದಿಕೊಂಡು ಇಬ್ಬರಿಗೂ ಒಟ್ಟಿಗೆ ರಜೆ ಸಿಗುವ ಭಾನುವಾರ ಅಪರೂಪ. ಸಿಕ್ಕಿತೋ, ಇವರು ಮನೆಯಲ್ಲಿ ಕೂರುವ ಆಸಾಮಿಯಲ್ಲ. ವಾರವಿಡೀ ತಲೆಯ ಮೇಲೆ ಕಲ್ಲು ಇಟ್ಟುಕೊಂಡಿದ್ದವನಿಗೆ ಒಂದು ದಿನವಾದರೂ ಆಕಾಶ ಬೇಕು ಅನ್ನುವುದು ಇವರ ವಾದ. 

ಮೊದಲು ಬಂದದ್ದು ಜೀಪು. ಸಿಂಧನೂರಿನ ಗ್ಯಾರೇಜೊಂದರ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮುದಿ ಜೀಪು, ಆದರೆ ನಾಲ್ಕೂ ಗಾಲಿ ಎಳೆಯುವಂಥದ್ದು. ಆಮೇಲೆ ಬಂದದ್ದು ಕ್ಯಾನೂ ಎಂಬ ಉದ್ದನೆಯ ಹಸಿರು ಪ್ಲಾಸ್ಟಿಕ್ ದೋಣಿ. ಅದನ್ನು ಜೀಪಿನ ತಲೆಗೆ ಕಟ್ಟಿ ತಂದ ದಿನ ಪಕ್ಕದ ಮನೆಯಾಕೆ ಸುತ್ತು ಹಾಕಿ ನೋಡಿ, "ಎಮ್ಮಿಗೆ ನೀರಿಡಾಕ ಚೊಲೋ ಆಗತೈತಿ ನೋಡ್ರಿ ಇದು" ಅಂದಳು. ಅವ್ವ ಫೋನಿನಲ್ಲಿ, "ಗಂಡ ನೀರಾಗ, ಹೆಂಡ್ತಿ ಕಲ್ಲಾಗ. ಒಂದ ಮನ್ಯಾಗ ಇರಾಕ ಆಗವಲ್ದೇನು ನಿಮಗ?" ಎಂದು ಕೇಳಿದಳು.

ಅವ್ವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಪದ್ಧತಿಯೇ ಹಾಗಿತ್ತು. ಇವರು ಹೊಳೆಯ ಮೇಲೆ ದೋಣಿ ಹುಟ್ಟು ಹಾಕುತ್ತ ಹೋಗುವುದು, ನಾನು ದಂಡೆಯುದ್ದಕ್ಕೂ ಜೀಪು ಹೊಡೆದುಕೊಂಡು ಹೋಗಿ ಮುಂದೆಲ್ಲೋ ಗೊತ್ತುಮಾಡಿದ ಜಾಗದಲ್ಲಿ ಬುತ್ತಿ ಬಿಚ್ಚಿ ಕಾಯುವುದು. ಮಸ್ಕಿ ಗುಡ್ಡದ ಬುಡದ ಕಲ್ಲುದಾರಿಯಲ್ಲಿ ನಾನು ಜೀಪು ಕಲಿತವಳು. ಎರೆಮಣ್ಣಿನಲ್ಲಿ ಸಿಕ್ಕಿಬಿದ್ದದ್ದೂ ಉಂಟು, ಟ್ರ್ಯಾಕ್ಟರು ತರಿಸಿ ಎಳೆಸಿದ್ದೂ ಉಂಟು. ಸ್ಟೇರಿಂಗು ಹಿಡಿದರೆ ನನಗೆ ಸೊಕ್ಕು ಬರುತ್ತದೆ, ಸುಳ್ಳೇಕೆ ಹೇಳಲಿ. ನೀರಿನ ವಿಷಯ ಬೇರೆ. ನನ್ನ ತವರು ವಳಕಮದಿನ್ನಿ, ಕಾಲುವೆ ನೀರಿನ ಭತ್ತದ ಅನ್ನ ಉಂಡು ಬೆಳೆದವಳು ನಾನು. ಆದರೂ ಈಜು ಬಾರದು. ಗಂಡುಹುಡುಗರು ಕಾಲುವೆಗೆ ದಬದಬ ಜಿಗಿಯುವಾಗ ನಾವು ಹೆಣ್ಣುಮಕ್ಕಳು ದಂಡೆಯ ಮೇಲೆ ಅವರ ಅಂಗಿ ಕಾಯುತ್ತಿದ್ದೆವು.

ಅವತ್ತು ಲಿಂಗಸುಗೂರು ದಾಟಿ ಕೃಷ್ಣೆಯ ದಂಡೆಗೆ ಹೋಗಿದ್ದೆವು. ಮಳೆಗಾಲ ಮುಗಿದಿತ್ತು. ನೀರು ದಂಡೆಯ ಮೇಲಿನ ಜಾಲಿ ಗಿಡಗಳ ಸೊಂಟದವರೆಗೂ ನಿಂತಿತ್ತು. ಇವರು ನೀರಿನಲ್ಲಿ ಮುಳುಗಗೊಡದ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ದೋಣಿ ಹತ್ತಿದರು. ಮುಂದಿನ ತಿರುವಿನಾಚೆ ಒಂದು ಹಾಸುಬಂಡೆ ಇದೆ, ಅಲ್ಲಿ ಕೂಡುವುದೆಂದು ಮಾತಾಯಿತು. ನಾನು ಹಳ್ಳ, ಕೊರಕಲು ಹಾರಿಸಿ ಬಂಡೆ ಮುಟ್ಟಿದೆ. ಸಜ್ಜೆ ರೊಟ್ಟಿ, ಪುಂಡಿಪಲ್ಲೆ ತೆಗೆದಿಟ್ಟೆ. ಇವರು ಬರಲಿಲ್ಲ. ಮೀನು ಹಿಡಿಯುವವರ ಸಂಗಡ ಮಾತಿಗೆ ಕೂತಿರಬೇಕೆಂದು ಮನಸ್ಸಿನಲ್ಲೇ ಬಯ್ದೆ.

ಆಗ ಕುರಿ ಮೇಯಿಸುವ ಅಜ್ಜನೊಬ್ಬ ಕೋಲೂರಿಕೊಂಡು ಏದುಸಿರು ಬಿಡುತ್ತ ಬಂದ. "ಆ ಹಸರು ಬೋಟು ನಿಮ್ಮದೇನ್ರಿ ಅಕ್ಕಾರ? ಬಕ್ಕಬಾರ್ಲ ಬಿದ್ದೈತ್ರಿ. ಒಳಗಿನ ಮನಶ್ಯಾ ಕಾಣವಲ್ಲ" ಅಂದ.

ಅಜ್ಜನನ್ನು ಜೀಪಿಗೆ ಹತ್ತಿಸಿಕೊಂಡು ಹೇಗೆ ಹಿಂದಕ್ಕೆ ಬಂದೆನೋ ನನಗೆ ಗೊತ್ತಿಲ್ಲ. ದಾರಿಯ ಒಂದು ಕಲ್ಲೂ ನೆನಪಿಲ್ಲ. ನೆನಪಿರುವುದು ಇಷ್ಟು: ಜಾಲಿ ಗಿಡಗಳ ನಡುವೆ ದೋಣಿ ಬೆನ್ನು ಮೇಲೆ ಮಾಡಿ ಸಿಕ್ಕಿಕೊಂಡಿತ್ತು. ಹುಟ್ಟು ಬೇರೆಲ್ಲೋ ತೇಲುತ್ತಿತ್ತು. ನಾನು ಹೊಳೆಯ ಈ ತುದಿಯಿಂದ ಆ ತುದಿಯವರೆಗೂ ಕಿತ್ತಳೆ ಬಣ್ಣ ಹುಡುಕಿದೆ. ಎಲ್ಲೂ ಇರಲಿಲ್ಲ. ನೀರು ಅಷ್ಟು ತಣ್ಣಗೆ, ಏನೂ ಆಗಿಯೇ ಇಲ್ಲವೆಂಬಂತೆ ಹೋಗುತ್ತಿತ್ತು.

ನಾನು ಇವರ ಹೆಸರು ಹಿಡಿದು ಕೂಗಿದೆ. ನಮ್ಮ ಕಡೆ ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ಓದಿದವಳು, ಜೀಪು ಹೊಡೆಯುವವಳು, ಆದರೂ ಮದುವೆಯಾದಾಗಿನಿಂದ ನಾನೂ ತಂದಿರಲಿಲ್ಲ. ಅದು ಹೇಗೆ ಗಂಟಲಿನಿಂದ ಹೊರಬಿತ್ತೋ, ಕೇಳಿ ನಾನೇ ಬೆಚ್ಚಿಬಿದ್ದೆ. ಇನ್ನೊಮ್ಮೆ ಕೂಗಿದೆ.

ದೋಣಿಯ ಒಳಗಿನಿಂದ ಯಾರೋ ಬಡಿದರು. ಟಕ್, ಟಕ್, ಟಕ್. ಸ್ವಲ್ಪ ತಡೆದು ಮತ್ತೆ ಮೂರು ಸಲ.

ನನಗೆ ತಲೆ ಕೆಟ್ಟಿತೆಂದೇ ತಿಳಿದೆ. ಅಜ್ಜನ ಮುಖ ನೋಡಿದೆ. ಅವನಿಗೂ ಕೇಳಿಸಿತ್ತು. ಅವನು ಕೈಯಲ್ಲಿದ್ದ ಕೋಲು ಕೆಳಗೆ ಬಿಟ್ಟುಬಿಟ್ಟಿದ್ದ.

ಜೀಪಿನಲ್ಲಿ ಎಳೆಯುವ ಹಗ್ಗ ಇತ್ತು. ಒಂದು ತುದಿ ಜೀಪಿನ ಕೊಂಡಿಗೆ, ಇನ್ನೊಂದು ನನ್ನ ನಡುವಿಗೆ, ಮಧ್ಯದ ಹಗ್ಗ ಅಜ್ಜನ ಕೈಗೆ. "ಸಡಲ ಬಿಡಬ್ಯಾಡ ಯಜ್ಜ" ಎಂದವಳೇ ನೀರಿಗೆ ಇಳಿದೆ. ಮೊಣಕಾಲು, ಸೊಂಟ, ಎದೆ. ಕೆಸರು ಕಾಲನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಜಾಲಿಮುಳ್ಳು ತೋಳು ಗೀರಿದ್ದು ಆಗ ತಿಳಿಯಲಿಲ್ಲ. ದೋಣಿ ಕೈಗೆ ಸಿಗುವ ಹೊತ್ತಿಗೆ ನೀರು ಗದ್ದಕ್ಕೆ ಬಂದಿತ್ತು. ಅಂಗೈ ಊರಿದೆ. ಅಂಗೈಯ ಕೆಳಗೇ ಮತ್ತೆ ಬಡಿತ. ಎತ್ತಲು ನೋಡಿದೆ, ದೋಣಿ ಕದಲಲಿಲ್ಲ. ಇವರು ಒಂದು ಬೆರಳಿನಷ್ಟು ಪ್ಲಾಸ್ಟಿಕ್ಕಿನ ಆಚೆ ಇದ್ದರು, ಜೀವ ಇತ್ತು, ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ. ಅಳು ಕಿತ್ತುಕೊಂಡು ಬಂತು.

"ರೀ" ಅಂದೆ.

ಬಡಿತ ನಿಂತಿತು. ಆಮೇಲೆ ದೋಣಿಯ ಅಂಚಿನ ಕೆಳಗಿನಿಂದ ಕಿತ್ತಳೆ ಜಾಕೆಟ್ಟು ಬುಳಕ್ಕನೆ ಹೊರಬಂತು, ಬರಿದು. ಅದರ ಹಿಂದೆಯೇ ಇವರ ತಲೆ.

ಅಜ್ಜ ಹಗ್ಗ ಎಳೆದ. ಇಬ್ಬರೂ ದಂಡೆಗೆ ಬಂದು ಬಿದ್ದೆವು. ನಾನು ಮಾಡಿದ ಮೊದಲ ಕೆಲಸವೆಂದರೆ ಇವರ ಭುಜಕ್ಕೆ ಗುದ್ದಿದ್ದು. ಅಜ್ಜ ಸಂಕೋಚದಿಂದ ಕುರಿಗಳ ಕಡೆ ಮುಖ ತಿರುಗಿಸಿದ.

"ಹೊರಗ ಬರಾಕ ಏನಾಗಿತ್ತು ನಿಮಗ?" ಅಂದೆ. "ಜಾಕೆಟ್ಟು ಬಿಚ್ಚಿ ಒಂದು ಮುಳುಗು ಹಾಕಿದ್ರ ಮುಗೀತಿತ್ತಲ್ಲ."

ಇವರು ಅಂಗಿಯ ಅಂಚು ಹಿಂಡಿಕೊಂಡರು. "ಒಳಗ ಉಸರಾಡಾಕ ಗಾಳಿ ಇತ್ತು" ಅಂದರು. "ಗಾಳಿ ಇದ್ದಲ್ಲಿಂದ ಏಳಬಾರದು. ಬಡೀಬೇಕು, ಕಾಯಬೇಕು. ಕೆಳಗ ಸಿಕ್ಕಿಬಿದ್ರ ಹಂಗ ಮಾಡ್ರಿ ಅಂತ ನಮಗ ಕಲಿಸ್ಯಾರ."

"ಇದು ಗಣಿ ಅಲ್ಲ. ಹೊಳಿ."

"ಈಗ ಗೊತ್ತಾಗಾಕತ್ತೈತಿ. ಒಳಗ ಗೊತ್ತಾಗಲಿಲ್ಲ. ಮಾರಿ ಮ್ಯಾಲ ಮಾಳಿಗಿ ಇದ್ದಂಗ, ಮಬ್ಬುಗತ್ತಲ, ಕುತ್ತಿಗಿಮಟ ನೀರು. ಮೈ ತಾನ ನಿಂತುಬಿಡ್ತು. ಆಮ್ಯಾಲ ಯಾರೋ ನನ್ನ ಹೆಸರು ಹಿಡಿದು ಕೂಗಿದ್ರು."

"ಯಾರೋ ಅಲ್ಲ, ನಾನು."

"ನೀ ಅಂತ ಹೆಂಗ ತಿಳೀಬೇಕು? ಒಂದಿನರ ಹೆಸರಿಟ್ಟು ಕರದೀಯೇನು? ಹೆಸರು ಕೂಗಿದ್ರಂದ್ರ ಹುಡುಕಾಕ ಬಂದಾರ ಅಂತ ಲೆಕ್ಕ. ಅದಕ್ಕ ಬಡದೆ, ಇಲ್ಲೇ ಅದೀನಿ ಅಂತ. ನೀ ರೀ ಅಂದಮ್ಯಾಲ ಎಚ್ಚರಾತು, ನಾ ಹೊಳ್ಯಾಗ ಅದೀನಿ ಅಂತ."

ಇದನ್ನು ಇವರು ನಗುನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ.  ಹೊಳೆ ನನ್ನನ್ನು ಹೆದರಿಸಿದ್ದು ನಿಜ. ಆದರೆ ಅದಕ್ಕಿಂತ ಹೆಚ್ಚು ಹೆದರಿಸಿದ್ದು, ಕತ್ತಲೆ ಕವಿದೊಡನೆ ಇವರ ಮೈ ಅಷ್ಟು ಶಿಸ್ತಾಗಿ ಕಾಯುತ್ತ ನಿಂತಿತಲ್ಲ, ಅದು. ಇಷ್ಟು ವರ್ಷ ನಾನು ಬುತ್ತಿ ಕಟ್ಟಿಕೊಟ್ಟು, ಬರುವಾಗ ಕೊತ್ತಂಬರಿ ತನ್ನಿ ಎಂದು ಹೇಳಿ ಕಳಿಸುತ್ತಿದ್ದುದು ಇಂಥದ್ದನ್ನು ಕಲಿಸಿಕೊಡಬೇಕಾದ ಜಾಗಕ್ಕೆ. ಒಂದು ದಿನವೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ಮನೆಗೆ ಬರುವಾಗ ಜೀಪು ನಾನೇ ಹೊಡೆದೆ. ಲಿಂಗಸುಗೂರು ದಾಟಿದ ಮೇಲೆ ಕೇಳಿಯೇ ಬಿಟ್ಟೆ. "ನಾ ಬರದ ಇದ್ರ? ಯಾರೂ ಬರದ ಇದ್ರ ಏನು ಮಾಡ್ತಿದ್ರಿ?"

"ಬರ್ತಾರ ಅಂತನ ಕುಂದ್ರಬೇಕು" ಅಂದರು ಇವರು. "ಬರಂಗಿಲ್ಲ ಅಂತ ಅನಕೊಂಡ್ರ ಜೋರ ಉಸರು ತಗೋತೀವಿ. ಗಾಳಿ ಲಗೂನ ತೀರತೈತಿ."

ಮರುದಿನ ಇವರದು ಬೆಳಗಿನ ಪಾಳಿ. ಗಣಿಯ ಗೇಟಿನವರೆಗೂ ಜೀಪಿನಲ್ಲಿ ಬಿಟ್ಟು ನಾನು ಶಾಲೆಗೆ ಹೋದೆ. ಒಂಬತ್ತನೇ ತರಗತಿಗೆ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದವಳಿಗೆ, ನಾನು ಉಸಿರು ಬಿಗಿಹಿಡಿದು ನಿಂತಿದ್ದೇನೆ ಎಂದು ತಟ್ಟನೆ ಗೊತ್ತಾಯಿತು. ಮೆಲ್ಲಗೆ ಬಿಟ್ಟೆ, ಮೆಲ್ಲಗೆ ಎಳೆದುಕೊಂಡೆ. ನಾನು ಇಲ್ಲಿ ಹೆಚ್ಚು ಎಳೆದುಕೊಂಡರೆ ಅಲ್ಲಿ ಕೆಳಗೆ ಇವರಿಗೆ ಕಡಿಮೆ ಬೀಳುತ್ತದೆ ಅನ್ನುವ ಹಾಗೆ.